ಭೂಸ್ವಾಧೀನ ಪರಿಹಾರ: ದರ ನಿಗದಿ ಹೇಗೆ, ಹಣ ಯಾರಿಗೆ?

ಕೋಲಾರ: ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಜಿಲ್ಲೆಯ ಮಾಲೂರು, ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳನ್ನು ಹಾದುಹೋಗಿದೆ. ಕೋಲಾರ ತಾಲ್ಲೂಕಿನ ನರಸಾಪುರ, ವೇಮಗಲ್‌ಗಳಲ್ಲಿ ಕೈಗಾರಿಕಾ ಪ್ರದೇಶಗಳು ತಲೆ ಎತ್ತಿವೆ. ಮಣ್ಣು ಒಂದೇ ಬಗೆಯದಾದರೂ ರಸ್ತೆಗೆ ಹೋದ ಜಮೀನಿಗೂ ಕಾರ್ಖಾನೆಗೆ ಹೋದ ಜಮೀನಿಗೂ ಅನ್ವಯವಾಗುವ ಕಾಯ್ದೆ ಬೇರೆ ಬೇರೆ. ಹೋಳೂರು ಹೋಬಳಿಯ ರೈತನಾಗಲಿ, ಮುಳಬಾಗಿಲಿನ ರೈತನಾಗಲಿ, ನೋಟಿಸ್ ಕೈಸೇರಿದಾಗ ಮೊದಲು ನೋಡಬೇಕಾದುದು ಅದು ಯಾವ ಕಾಯ್ದೆಯಡಿ ಬಂದಿದೆ ಎಂಬುದನ್ನು.

ಮೂರು ಕಾಯ್ದೆಗಳು

ಬ್ರಿಟಿಷರ ಕಾಲದ 1894ರ ಭೂಸ್ವಾಧೀನ ಕಾಯ್ದೆಯ ಬದಲಿಗೆ 2013ರಲ್ಲಿ ಅಂಗೀಕೃತವಾದ ಹೊಸ ಕಾಯ್ದೆ 2014ರ ಜನವರಿ 1ರಿಂದ ಜಾರಿಯಲ್ಲಿದೆ. ಹೆದ್ದಾರಿಗೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ ಜಮೀನು ಪಡೆಯಲಾಗುತ್ತದೆ. ಆದರೆ ಪರಿಹಾರದ ಲೆಕ್ಕಕ್ಕೆ 2015ರಿಂದ ಹೊಸ ಕಾಯ್ದೆಯ ಸೂತ್ರವೇ ಆಧಾರ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಸ್ವಾಧೀನಕ್ಕೆ ರಾಜ್ಯದ 1966ರ ಕಾಯ್ದೆ ಇದೆ. ಅದರ 29ನೇ ಕಲಂ ಪ್ರಕಾರ ರೈತರೊಂದಿಗೆ ಮಾತುಕತೆ ನಡೆಸಿ ಒಪ್ಪಂದದ ದರ ನಿಗದಿಪಡಿಸಬಹುದು.

ಹೊಸ ಸೂತ್ರದಲ್ಲಿ ಮುದ್ರಾಂಕ ಶುಲ್ಕದ ಮಾರ್ಗಸೂಚಿ ದರ ಮತ್ತು ಹಿಂದಿನ ಮೂರು ವರ್ಷಗಳಲ್ಲಿ ಸುತ್ತಮುತ್ತ ನೋಂದಣಿಯಾದ ಮಾರಾಟಗಳ ಸರಾಸರಿ, ಇವೆರಡರಲ್ಲಿ ಹೆಚ್ಚಿನದನ್ನು ಮಾರುಕಟ್ಟೆ ಬೆಲೆ ಎಂದು ಪರಿಗಣಿಸಲಾಗುತ್ತದೆ. ಸರಾಸರಿಗೆ ಎಲ್ಲ ಕ್ರಯಪತ್ರಗಳೂ ಸೇರುವುದಿಲ್ಲ. ಹೆಚ್ಚಿನ ಬೆಲೆ ನಮೂದಾದ ಅರ್ಧದಷ್ಟು ಮಾತ್ರ. ಗ್ರಾಮಾಂತರದಲ್ಲಿ ನಗರದಿಂದ ಇರುವ ದೂರಕ್ಕೆ ಅನುಗುಣವಾಗಿ ಈ ಬೆಲೆಯನ್ನು 1ರಿಂದ 2ರವರೆಗಿನ ಗುಣಾಂಕದಿಂದ ಗುಣಿಸಿ, ಬಂದ ಮೊತ್ತಕ್ಕೆ ಅಷ್ಟೇ ಸಾಂತ್ವನ ಧನ ಸೇರಿಸಬೇಕು. ಎಕರೆಗೆ 10 ಲಕ್ಷ ರೂ. ಎಂದಾದರೆ, ಗುಣಾಂಕ 1 ಇದ್ದಲ್ಲಿ 20 ಲಕ್ಷ, 2 ಇದ್ದಲ್ಲಿ 40 ಲಕ್ಷ ರೂ. ಮಾರುಕಟ್ಟೆ ಬೆಲೆಯ ಮೇಲೆ ವಾರ್ಷಿಕ ಶೇ 12ರ ಹೆಚ್ಚುವರಿ ಮೊತ್ತ ಪ್ರತ್ಯೇಕ.

ತೊಡಕು ಇರುವುದು ಆ 10 ಲಕ್ಷದಲ್ಲಿಯೇ. ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ನಿಜ ಬೆಲೆಗಿಂತ ಕಡಿಮೆ ಬರೆಸುವ ರೂಢಿ ಊರೂರಲ್ಲಿ ಇದೆ. ಅಂದು ಉಳಿಸಿದ ಹಣಕ್ಕೆ ಮುಂದೊಂದು ದಿನ ಇಡೀ ಊರು ಬೆಲೆ ತೆರಬೇಕಾಗುತ್ತದೆ. ಜೊತೆಗೆ ಪ್ರಾಥಮಿಕ ಅಧಿಸೂಚನೆಯ ದಿನಾಂಕದ ಬೆಲೆಯೇ ಲೆಕ್ಕಕ್ಕೆ ಬರುವುದರಿಂದ, ಅನಂತರ ದರ ಎಷ್ಟೇ ಏರಿದರೂ ಪ್ರಯೋಜನವಿಲ್ಲ.

ಮಾವಿನ ಮರ, ಕೊಳವೆಬಾವಿ, ಮನೆ, ರೇಷ್ಮೆ ಹುಳು ಸಾಕಣೆ ಮನೆಗಳಿಗೆ ಪ್ರತ್ಯೇಕ ಮೌಲ್ಯಮಾಪನ ಉಂಟು. ಶ್ರೀನಿವಾಸಪುರದಂತಹ ಮಾವಿನ ಸೀಮೆಯಲ್ಲಿ ಇದು ಸಣ್ಣ ಮೊತ್ತವಲ್ಲ. ಜಂಟಿ ಅಳತೆಯ ದಿನ ಹೊಲದಲ್ಲಿದ್ದು, ಪ್ರತಿ ಮರವೂ ಪಟ್ಟಿಗೆ ಸೇರಿತೇ ಎಂದು ನೋಡಿಕೊಳ್ಳುವುದು ಲೇಸು.

ಪಹಣಿಯಲ್ಲಿ ಯಾರ ಹೆಸರು?

ಪರಿಹಾರದ ಹಣ ಸಾಮಾನ್ಯವಾಗಿ ಪಹಣಿಯಲ್ಲಿ ಹೆಸರಿರುವವರಿಗೆ ಸಂದಾಯವಾಗುತ್ತದೆ. ತೀರಿಕೊಂಡ ತಾತನ ಹೆಸರಿನಲ್ಲೇ ಖಾತೆ ಉಳಿದಿದ್ದರೆ, ಪೋಡಿ ಆಗದಿದ್ದರೆ, ಪಾಲುದಾರರಲ್ಲಿ ವ್ಯಾಜ್ಯವಿದ್ದರೆ ಹಣ ನ್ಯಾಯಾಲಯದ ಠೇವಣಿಗೆ ಹೋಗುತ್ತದೆ. ರಸ್ತೆ ಮುಗಿದು ವಾಹನಗಳು ಓಡಿದರೂ ಹಣ ಅಲ್ಲೇ ಉಳಿಯಬಹುದು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಅನುಮತಿಯಿಲ್ಲದೆ ಪರಭಾರೆಯಾಗಿದ್ದಲ್ಲಿ 1978ರ ಪಿಟಿಸಿಎಲ್ ಕಾಯ್ದೆಯೂ ಅಡ್ಡಬರುತ್ತದೆ. ಮಂಜೂರಾತಿ ಆಗದ ಬಗರ್ ಹುಕುಂ ಸಾಗುವಳಿದಾರನ ಪಾಡು ಇನ್ನೂ ಕಷ್ಟ. ದಶಕಗಳ ಕಾಲ ಉತ್ತಿದ್ದರೂ ಕಾಗದದಲ್ಲಿ ಜಮೀನು ಸರ್ಕಾರದ್ದು.

2013ರ ಕಾಯ್ದೆಯಡಿ ನೀಡಿದ ದರ ಕಡಿಮೆ ಎನಿಸಿದರೆ ಹಣವನ್ನು 'ಆಕ್ಷೇಪಣೆಯೊಂದಿಗೆ' ಎಂದು ಬರೆದೇ ಪಡೆಯಬೇಕು. ಇಲ್ಲವಾದರೆ ಹೆಚ್ಚಳ ಕೇಳುವ ಹಕ್ಕು ಹೋಗುತ್ತದೆ. ಹೆದ್ದಾರಿ ಪ್ರಕರಣದಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗಬೇಕು. ಹೆದ್ದಾರಿಗೆ ಜಮೀನು ಕೊಟ್ಟವರಿಗೆ ಸಾಂತ್ವನ ಧನವನ್ನೇ ನಿರಾಕರಿಸಿದ್ದ ಕಲಂ ಅನ್ನು ಸುಪ್ರೀಂ ಕೋರ್ಟ್ 2019ರ ಸೆಪ್ಟೆಂಬರ್‌ನಲ್ಲಿ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ರದ್ದುಪಡಿಸಿತು. ಈ ತೀರ್ಪು ಹಿಂದಿನ ಪ್ರಕರಣಗಳಿಗೆ ಅನ್ವಯಿಸಬಾರದೆಂಬ ಹೆದ್ದಾರಿ ಪ್ರಾಧಿಕಾರದ ಕೋರಿಕೆಯನ್ನು 2025ರ ಫೆಬ್ರುವರಿಯಲ್ಲಿ ತಿರಸ್ಕರಿಸಿತು.

ವಿಳಂಬಕ್ಕೂ ಬೆಲೆ ಇದೆ. ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್‌ಗೆ 2003ರಲ್ಲಿ ಅಧಿಸೂಚನೆ ಹೊರಟು, 2005ರಲ್ಲಿ ಸ್ವಾಧೀನವಾದ ನಿವೇಶನಗಳ ಮಾಲೀಕರಿಗೆ ವರ್ಷಗಟ್ಟಲೆ ಪರಿಹಾರ ದೊರೆತಿರಲಿಲ್ಲ. 2025ರ ಜನವರಿ 2ರಂದು ಸುಪ್ರೀಂ ಕೋರ್ಟ್ ಇವರಿಗೆ 2003ರ ಬದಲು 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆಯಂತೆ ಪರಿಹಾರ ನಿಗದಿಪಡಿಸಲು ಆದೇಶಿಸಿತು. ಅದಕ್ಕಾಗಿ ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರವನ್ನು ಬಳಸಬೇಕಾಯಿತು. ಕೆಳಗಿನ ಅಧಿಕಾರಿಗಳಿಗೆ ಆ ಅಧಿಕಾರವಿಲ್ಲ.