ನಕ್ಕ ಮೇಲೆ ಏನು? ಬಂದೂಕು, ಫುಟ್‌ಬಾಲ್, ಚುನಾವಣೆ ಮತ್ತು ಅಮೆರಿಕದ ವಿಡಂಬನೆ

ಅಮೆರಿಕದ ಯಾವುದೋ ಊರಲ್ಲಿ ಗುಂಡಿನ ದಾಳಿ ಆದ ದಿನ ನಮ್ಮ ಟೈಮ್‌ಲೈನ್‌ಗಳಲ್ಲೂ ಒಂದು ಹಳೇ ಶೀರ್ಷಿಕೆ ತೇಲಿ ಬರುತ್ತೆ. 'ದಿ ಆನಿಯನ್' ಅನ್ನೋ ವಿಡಂಬನಾ ಪತ್ರಿಕೆಯದ್ದು. ಅದರ ಸಾರ ಇಷ್ಟೇ: ಇಂಥದ್ದು ಮತ್ತೆ ಮತ್ತೆ ನಡೆಯುವ ಒಂದೇ ಒಂದು ದೇಶ, ಇದನ್ನು ತಡೆಯೋಕೆ ದಾರಿಯೇ ಇಲ್ಲ ಅನ್ನುತ್ತಿದೆ. ಮೊದಲು ಪ್ರಕಟವಾದದ್ದು 2014ರ ಮೇ 27ರಂದು, ಕ್ಯಾಲಿಫೋರ್ನಿಯಾದ ಐಲಾ ವಿಸ್ಟಾ ಹತ್ಯೆಗಳ ಬೆನ್ನಲ್ಲೇ. ಆಮೇಲೆ ಹಲವು ದೊಡ್ಡ ದಾಳಿಗಳ ನಂತರ ಊರಿನ ಹೆಸರು, ಸತ್ತವರ ಸಂಖ್ಯೆ ಮಾತ್ರ ಬದಲಿಸಿ ಅದನ್ನೇ ಮತ್ತೆ ಹಾಕುತ್ತಾ ಬಂದರು. 2022ರ ಮೇ ತಿಂಗಳಲ್ಲಿ ಟೆಕ್ಸಸ್‌ನ ಯುವಾಲ್ಡಿಯ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತಾಗ ಪತ್ರಿಕೆಯ ಮುಖಪುಟದ ತುಂಬ ಆ ಶೀರ್ಷಿಕೆಯ ಹಳೆಯ ಆವೃತ್ತಿಗಳೇ ಸಾಲುಗಟ್ಟಿದ್ದವು.

ಹತ್ತು ವರ್ಷ ಒಂದೇ ಜೋಕ್ ಹೇಳಬೇಕಾಗಿ ಬಂದರೆ ಆ ಜೋಕ್ ಗೆದ್ದಿದೆಯಾ, ಸೋತಿದೆಯಾ? ನನ್ನ ಪ್ರಶ್ನೆ ಅದೇ. ಅಮೆರಿಕದ ವಿಡಂಬನೆಯನ್ನು ರೀಲ್ಸ್‌ನಲ್ಲಿ, ಯೂಟ್ಯೂಬ್‌ನಲ್ಲಿ ತುಂಡು ತುಂಡಾಗಿ ನೋಡುವ ನಮಗೆ ಅದರ ಹಿಂದುಮುಂದು ಒಂದೇ ಕಡೆ ಸಿಗಲಿ ಅಂತ ಈ ಟಿಪ್ಪಣಿ.

ಎಂಜಿನಿಯರಿಂಗ್‌ನಲ್ಲಿ ಬಾಯ್ಲರ್ ಪಾಠ ಓದಿದವರಿಗೆ ಗೊತ್ತು, ಅದಕ್ಕೆ ಎರಡು ಬೇರೆ ಬೇರೆ ಸಾಧನ ಇರುತ್ತವೆ. ಸೇಫ್ಟಿ ವಾಲ್ವ್ ಒತ್ತಡವನ್ನು ಹೊರಗೆ ಬಿಡುತ್ತೆ. ಪ್ರೆಶರ್ ಗೇಜ್ ಒತ್ತಡ ಎಷ್ಟಿದೆ ಅಂತ ತೋರಿಸುತ್ತೆ. ವಿಡಂಬನೆಯಲ್ಲೂ ಈ ಎರಡು ಜಾತಿ ಇದೆ ಅಂತ ನನ್ನ ವಾದ. ಒಂದು ನಮ್ಮ ಸಿಟ್ಟನ್ನು ನಗಿಸಿ ಇಳಿಸುತ್ತೆ. ಇನ್ನೊಂದು, ಯಂತ್ರ ಎಲ್ಲಿ ಕೆಟ್ಟಿದೆ ಅಂತ ತೋರಿಸುತ್ತೆ.

ಮೊದಲು ಕಾನೂನಿನ ಹಿನ್ನೆಲೆ

ಅಮೆರಿಕದ ಬಂದೂಕು ಜೋಕುಗಳು ಅರ್ಥವಾಗಬೇಕಾದರೆ 1791ರಲ್ಲಿ ಬಂದ ಎರಡನೇ ತಿದ್ದುಪಡಿ ಗೊತ್ತಿರಬೇಕು. ಶಸ್ತ್ರ ಹೊಂದುವ ಹಕ್ಕನ್ನು ಅದು ಸಂವಿಧಾನದೊಳಗೇ ಇಟ್ಟಿದೆ. 2008ರ ಹೆಲರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ವ್ಯಕ್ತಿಯೊಬ್ಬನ ಹಕ್ಕು ಎಂದೇ ಹೇಳಿತು. ನಮ್ಮಲ್ಲಿ ಲೆಕ್ಕ ಉಲ್ಟಾ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಬೇಕಂದ್ರೆ ಲೈಸೆನ್ಸ್ ಬೇಕು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು ಕೂಡ. ಆದರೆ ಅದು ಸರ್ಕಾರ ಕೊಟ್ಟ ವಿನಾಯಿತಿ. ಅಲ್ಲಿ ಅದು ಮೂಲಭೂತ ಹಕ್ಕು. ಈ ವ್ಯತ್ಯಾಸ ಬಿಟ್ಟರೆ "ಅಷ್ಟು ಜನ ಸಾಯ್ತಾರೆ, ಬ್ಯಾನ್ ಮಾಡಿಬಿಡಬಾರದಾ?" ಅನ್ನೋ ನಮ್ಮ ಪ್ರಶ್ನೆಗೆ ಅಲ್ಲಿ ಯಾಕೆ ಉತ್ತರ ಸಿಗಲ್ಲ ಅಂತ ಗೊತ್ತಾಗಲ್ಲ.

ಜೋಕ್ ಮಾಡುವವರಿಗೆ ರಕ್ಷಣೆ ಕೊಡುವುದು ಮೊದಲನೇ ತಿದ್ದುಪಡಿ. 1988ರಲ್ಲಿ 'ಹಸ್ಲರ್' ಪತ್ರಿಕೆ ಮತ್ತು ಧರ್ಮಬೋಧಕ ಜೆರ್ರಿ ಫಾಲ್ವೆಲ್ ನಡುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪು ಕೊಟ್ಟಿತು. ಅಣಕ ಎಷ್ಟೇ ಅಸಹ್ಯವಾಗಿದ್ದರೂ, ಮನಸ್ಸಿಗೆ ನೋವಾಯ್ತು ಅನ್ನೋ ಕಾರಣಕ್ಕೆ ಸಾರ್ವಜನಿಕ ವ್ಯಕ್ತಿ ಪರಿಹಾರ ಕೇಳುವಂತಿಲ್ಲ ಅಂತ.

ಬಂದೂಕು: ಜೋಕ್ ಆಗಿದ್ದದ್ದು ಬೇಡಿಕೆ ಆದ ಕಥೆ

1970ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ವಿಮಾನ ಹೈಜಾಕ್ ಮಾಮೂಲಿ ಸುದ್ದಿ. ಆಗ ನಾರ್ಮನ್ ಲಿಯರ್ ಅವರ 'ಆಲ್ ಇನ್ ದಿ ಫ್ಯಾಮಿಲಿ' ಎಂಬ ಹಾಸ್ಯ ಧಾರಾವಾಹಿ ದೇಶದ ಮನೆಮನೆಯಲ್ಲಿ ಓಡುತ್ತಿತ್ತು. ಅದರ ಮುಖ್ಯ ಪಾತ್ರ ಆರ್ಚಿ ಬಂಕರ್, ಎಲ್ಲದಕ್ಕೂ ಒರಟು ಉತ್ತರ ಇಟ್ಟುಕೊಂಡ ಮಧ್ಯವಯಸ್ಕ. 1972ರ ಸೆಪ್ಟೆಂಬರ್‌ನ ಒಂದು ಕಂತಿನಲ್ಲಿ ಆರ್ಚಿ ಟಿವಿಯಲ್ಲಿ ಕೂತು ಹೈಜಾಕ್ ತಡೆಯಲು ಒಂದು ಐಡಿಯಾ ಕೊಡುತ್ತಾನೆ: ಎಲ್ಲಾ ಪ್ರಯಾಣಿಕರಿಗೂ ಬಂದೂಕು ಹಂಚಿಬಿಡಿ! ಅದೇ ಕಂತಿನಲ್ಲಿ, ಅವನ ಟಿವಿ ಭಾಷಣವನ್ನು ಮೆಚ್ಚಿದ ಒಬ್ಬನೇ ಬಾರ್‌ನಲ್ಲಿ ಬಂದೂಕು ತೋರಿಸಿ ಅವನನ್ನು ದೋಚುತ್ತಾನೆ. ನಿಜ ಜೀವನದಲ್ಲಿ ಸರ್ಕಾರ ಮಾಡಿದ್ದು ತದ್ವಿರುದ್ಧ. 1973ರ ಜನವರಿಯಿಂದ ಎಲ್ಲಾ ಪ್ರಯಾಣಿಕರ ತಪಾಸಣೆ ಕಡ್ಡಾಯವಾಯಿತು.

ಈಗ ನಲವತ್ತು ವರ್ಷ ಮುಂದಕ್ಕೆ ಬನ್ನಿ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ಸಿಬ್ಬಂದಿಯ ಹತ್ಯೆ. ಸರಿಯಾಗಿ ಒಂದು ವಾರಕ್ಕೆ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ ವೇಯ್ನ್ ಲಾಪಿಯರ್ ಪತ್ರಕರ್ತರ ಮುಂದೆ ಬಂದು, ಬಂದೂಕು ಹಿಡಿದ ಕೆಟ್ಟವನನ್ನು ತಡೆಯೋದು ಬಂದೂಕು ಹಿಡಿದ ಒಳ್ಳೆಯವನು ಮಾತ್ರ, ಪ್ರತಿ ಶಾಲೆಯಲ್ಲೂ ಶಸ್ತ್ರಸಜ್ಜಿತ ಕಾವಲು ಬೇಕು ಅಂದರು. 2018ರ ಫೆಬ್ರವರಿಯಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತ ಮೇಲೆ, ಶಿಕ್ಷಕರಿಗೇ ಬಂದೂಕು ಕೊಡುವ ಮಾತಾಡಿದ್ದು ಸ್ವತಃ ಅಧ್ಯಕ್ಷ ಟ್ರಂಪ್. ಆರ್ಚಿ ಬಂಕರ್‌ನ ಬಾಯಲ್ಲಿ ನಗು ಬರಿಸಿದ್ದ ತರ್ಕ ಈಗ ಗಂಭೀರ ನೀತಿ.

ಹಾಗಾದರೆ ವಿಡಂಬನೆಕಾರ ಇನ್ನೆಷ್ಟು ದೂರ ಹೋಗಬೇಕು? 2018ರ ಜುಲೈನಲ್ಲಿ ಸಾಶಾ ಬ್ಯಾರನ್ ಕೊಹೆನ್ 'ಹೂ ಈಸ್ ಅಮೆರಿಕ?' ಕಾರ್ಯಕ್ರಮದಲ್ಲಿ ಇಸ್ರೇಲಿ ಭದ್ರತಾ ತಜ್ಞನ ವೇಷ ಹಾಕಿ, ಪುಟ್ಟ ಮಕ್ಕಳಿಗೆ ಬಂದೂಕು ತರಬೇತಿ ಕೊಡುವ ಸುಳ್ಳು ಯೋಜನೆಗೆ ಬೆಂಬಲ ಕೇಳಿದರು. ಆಗಿನ ಸಂಸದರಾದ ಜೋ ವಿಲ್ಸನ್, ಡೇನಾ ರೋರಾಬ್ಯಾಕರ್, ಮಾಜಿಗಳಾದ ಟ್ರೆಂಟ್ ಲಾಟ್, ಜೋ ವಾಲ್ಶ್ ಕ್ಯಾಮೆರಾ ಮುಂದೆ ಅದರ ಪರವಾಗಿ ಮಾತಾಡಿದರು. ತಮಗೆ ಮೋಸವಾಯ್ತು ಅಂತ ವಾಲ್ಶ್ ಆಮೇಲೆ ಹೇಳಿಕೊಂಡರು. ನೋಡಿದವರೆಲ್ಲ ಬಿದ್ದು ಬಿದ್ದು ನಕ್ಕೆವು. ಆದರೆ ಬಂದೂಕು ಕಾಯ್ದೆ ಇದ್ದಲ್ಲೇ ಇತ್ತು.

ಇದಕ್ಕೆ ಹೋಲಿಸಿದರೆ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 2013ರ ಏಪ್ರಿಲ್‌ನಲ್ಲಿ 'ದಿ ಡೈಲಿ ಶೋ'ಗಾಗಿ ಜಾನ್ ಆಲಿವರ್ ಮಾಡಿದ ಮೂರು ಕಂತಿನ ಆಸ್ಟ್ರೇಲಿಯಾ ಸರಣಿ. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತಾಗ ಅಲ್ಲಿನ ಪ್ರಧಾನಿ ಜಾನ್ ಹೋವರ್ಡ್, ಅದೂ ಬಲಪಂಥೀಯ ನಾಯಕ, ಸ್ವಯಂಚಾಲಿತ ಮತ್ತು ಅರೆ ಸ್ವಯಂಚಾಲಿತ ರೈಫಲ್‌ಗಳಿಗೆ ಕಡಿವಾಣ ಹಾಕಿದರು. ಸರ್ಕಾರ ದುಡ್ಡು ಕೊಟ್ಟು ಸುಮಾರು 6.5 ಲಕ್ಷ ಬಂದೂಕು ವಾಪಸ್ ಪಡೆಯಿತು. ಆಲಿವರ್ ಹೋವರ್ಡ್‌ರನ್ನು ಮಾತಾಡಿಸಿದರು. ಆ ಕಾನೂನನ್ನು ಬೆಂಬಲಿಸಿ ಅಧಿಕಾರ ಕಳೆದುಕೊಂಡ ಕ್ವೀನ್ಸ್‌ಲ್ಯಾಂಡ್‌ನ ಮಾಜಿ ಪ್ರೀಮಿಯರ್ ರಾಬ್ ಬೋರ್ಬಿಜ್‌ರನ್ನೂ ಮಾತಾಡಿಸಿದರು. ಕುರ್ಚಿ ಹೋದರೂ ಪರವಾಗಿಲ್ಲ ಅನ್ನುವ ರಾಜಕಾರಣಿ ಒಂದು ಕಡೆ, ಮರುಆಯ್ಕೆಯೇ ಯಶಸ್ಸು ಅನ್ನುವ ವಾಷಿಂಗ್ಟನ್ ಇನ್ನೊಂದು ಕಡೆ. ಅದೇ ತಿಂಗಳ 17ರಂದು ಅಮೆರಿಕದ ಸೆನೆಟ್‌ನಲ್ಲಿ, ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆ ವಿಸ್ತರಿಸುವ ಪ್ರಸ್ತಾವ 54-46 ಮತಗಳಿದ್ದೂ ಬಿತ್ತು, ಯಾಕಂದ್ರೆ 60 ಬೇಕಿತ್ತು. ಆ ಸರಣಿ ನೋಡಿದವರಿಗೆ ಈ ಸೋಲಿನ ಕಾರಣ ಬಿಡಿಸಿ ಹೇಳಬೇಕಿರಲಿಲ್ಲ. ಗೇಜ್ ಅಂದದ್ದು ಇದಕ್ಕೆ.

ಕ್ರೀಡೆ: ಆಟ ಬಿಟ್ಟು ಉಳಿದದ್ದೆಲ್ಲ

2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫುಟ್‌ಬಾಲ್ ತಂಡದ ಕಾಲಿನ್ ಕೆಪರ್ನಿಕ್, ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯದ ವಿರುದ್ಧ ರಾಷ್ಟ್ರಗೀತೆಯ ವೇಳೆ ಎದ್ದು ನಿಲ್ಲಲಿಲ್ಲ. ಮೊದಲು ಕೂತರು, ಆಮೇಲೆ ಮಂಡಿಯೂರಿದರು. ಆ ಸೀಸನ್ ಮುಗಿದ ಮೇಲೆ ಲೀಗ್‌ನ ಯಾವ ತಂಡವೂ ಅವರನ್ನು ತೆಗೆದುಕೊಳ್ಳಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ 'ಸೌತ್ ಪಾರ್ಕ್' ಕಾರ್ಟೂನ್ ಇದನ್ನು ಎತ್ತಿಕೊಂಡಿತು. ಅದರಲ್ಲಿ ಜನ ಪಂದ್ಯಕ್ಕೆ ಬರುವುದೇ ರಾಷ್ಟ್ರಗೀತೆಗೆ ಯಾರು ಎದ್ದರು, ಯಾರು ಕೂತರು ಅಂತ ನೋಡೋಕೆ. ಕೊನೆಗೆ ಸಿನಿಮಾ ನಿರ್ದೇಶಕ ಜೆ.ಜೆ. ಏಬ್ರಮ್ಸ್ ಕೈಲಿ ಹೊಸ ರಾಷ್ಟ್ರಗೀತೆ ಮಾಡಿಸುತ್ತಾರೆ. ಅದರಲ್ಲಿ ನಿಂತರೂ ಗೌರವ, ಕೂತರೂ ಗೌರವ, ಮಂಡಿಯೂರಿದರೂ ಗೌರವ!

ಚುರುಕಾದ ತಮಾಷೆ, ಒಪ್ಪೋಣ. ಪ್ರತಿಭಟನೆಯನ್ನು ವ್ಯವಸ್ಥೆ ಹೇಗೆ ನುಂಗಿಹಾಕುತ್ತೆ ಅನ್ನೋದನ್ನು ಹಿಡಿದಿದೆ. ಆದರೆ ಪೊಲೀಸರ ಗುಂಡಿಗೆ ಸತ್ತವರ ವಿಷಯ ಅಲ್ಲಿ ಹಿಂದೆ ಸರಿಯಿತು. ಎರಡೂ ಕಡೆಯವರನ್ನು ಸಮಾನವಾಗಿ ಗೇಲಿ ಮಾಡಿದರೆ ನ್ಯಾಯ ಅನ್ನೋ ನಂಬಿಕೆ ವಿಡಂಬನೆಯ ಹಳೇ ರೋಗ. ಎರಡು ಕಡೆಯ ತೂಕ ಒಂದೇ ಇಲ್ಲದಾಗ ಸಮಾನ ಗೇಲಿ ಬಲವಾಗಿರುವವನಿಗೇ ಅನುಕೂಲ.

ಇನ್ನೊಂದು ದಾರಿ ನೋಡಿ. 2014ರ ಜೂನ್‌ನಲ್ಲಿ, ಬ್ರೆಜಿಲ್ ವಿಶ್ವಕಪ್‌ಗೆ ಮುನ್ನ, ಇದೇ ಜಾನ್ ಆಲಿವರ್ ತಮ್ಮದೇ ಕಾರ್ಯಕ್ರಮದಲ್ಲಿ ಫಿಫಾ ಹೇಗೆ ಕೆಲಸ ಮಾಡುತ್ತೆ ಅಂತ ವಿವರಿಸಿದರು. ಬ್ರೆಜಿಲ್ ತನ್ನ ಕ್ರೀಡಾಂಗಣಗಳಲ್ಲಿ ಮದ್ಯ ನಿಷೇಧಿಸಿತ್ತು. ಪ್ರಾಯೋಜಕರಲ್ಲಿ ಬಿಯರ್ ಕಂಪನಿ ಇದ್ದ ಫಿಫಾ ಪಟ್ಟು ಹಿಡಿದು ಆ ದೇಶದ ಕಾನೂನನ್ನೇ ಬಗ್ಗಿಸಿತು. ಮರುವರ್ಷ ಮೇ 27ರಂದು ಜೂರಿಕ್‌ನ ಹೋಟೆಲ್‌ನಲ್ಲಿ ಫಿಫಾ ಅಧಿಕಾರಿಗಳ ಬಂಧನವಾಯಿತು. ಅದು ತನಿಖಾಧಿಕಾರಿಗಳ ಕೆಲಸ, ಹಾಸ್ಯದ್ದಲ್ಲ. ಆದರೆ ಆ ಸುದ್ದಿ ಬಂದಾಗ ಅದರ ತಲೆಬುಡ ಸಾಮಾನ್ಯ ವೀಕ್ಷಕನಿಗೂ ಗೊತ್ತಿತ್ತು. ಇದೇ ಹಗರಣದಲ್ಲಿ ಫಿಫಾದ ಮಾಜಿ ಉಪಾಧ್ಯಕ್ಷ ಜಾಕ್ ವಾರ್ನರ್ ತಮ್ಮ ಸಮರ್ಥನೆಗೆ ಒಂದು ಲೇಖನದ ಪ್ರಿಂಟ್ ಹಿಡಿದು ವಿಡಿಯೊ ಮಾಡಿದರು. ಅದು 'ದಿ ಆನಿಯನ್' ಬರೆದ ಸುಳ್ಳು ಸುದ್ದಿ!

ರಾಜಕೀಯ: ಒಂದೇ ಜೋಕ್, ಇಬ್ಬರು ಕೇಳುಗರು

ವಾರ್ನರ್ ಕಥೆ ಕೇಳಿ ನಗುತ್ತೇವೆ. ಆದರೆ ವ್ಯಂಗ್ಯ ಗೊತ್ತಾಗದಿರುವುದು ಅಪರೂಪವೇನಲ್ಲ. ಸ್ಟೀಫನ್ ಕೋಲ್ಬರ್ಟ್ 2005ರಿಂದ 2014ರವರೆಗೆ ಬಲಪಂಥೀಯ ನಿರೂಪಕನ ಅಣಕು ಪಾತ್ರ ಹಾಕಿದ್ದರು. 2009ರಲ್ಲಿ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ನೋಡಿದ್ದೇನೆಂದರೆ, ಉದಾರವಾದಿಗಳಿಗೂ ಸಂಪ್ರದಾಯವಾದಿಗಳಿಗೂ ಆತ ತಮಾಷೆಯಾಗಿಯೇ ಕಂಡಿದ್ದ. ಆದರೆ ಸಂಪ್ರದಾಯವಾದಿಗಳು, ಈತ ಹಾಸ್ಯದ ಮರೆಯಲ್ಲಿ ತನ್ನ ನಿಜವಾದ ಅಭಿಪ್ರಾಯವನ್ನೇ ಹೇಳ್ತಿದ್ದಾನೆ ಅಂದುಕೊಳ್ಳುವ ಸಾಧ್ಯತೆ ಹೆಚ್ಚಿತ್ತು. ಅಂದರೆ ವ್ಯಂಗ್ಯ ಮನಸ್ಸು ಬದಲಿಸುತ್ತೆ ಅನ್ನೋ ನಮ್ಮ ಭರವಸೆ ಅಷ್ಟೇನೂ ಗಟ್ಟಿಯಲ್ಲ.

ಇದೇ ಕೋಲ್ಬರ್ಟ್ 2011ರಲ್ಲಿ ಬೇರೆಯೇ ಒಂದು ಕೆಲಸ ಮಾಡಿದರು. 2010ರ 'ಸಿಟಿಜನ್ಸ್ ಯುನೈಟೆಡ್' ತೀರ್ಪಿನ ನಂತರ ಕಂಪನಿಗಳು ಚುನಾವಣೆಯಲ್ಲಿ ಮಿತಿಯಿಲ್ಲದೆ ಖರ್ಚು ಮಾಡುವ ದಾರಿ ತೆರೆದಿತ್ತು. ಕೋಲ್ಬರ್ಟ್ ವಕೀಲರನ್ನು ಕೂರಿಸಿಕೊಂಡು, ಚುನಾವಣಾ ಆಯೋಗದ ಒಪ್ಪಿಗೆ ಪಡೆದು, ನಿಜವಾದ ಒಂದು 'ಸೂಪರ್ ಪ್ಯಾಕ್' ನೋಂದಾಯಿಸಿದರು. 10 ಲಕ್ಷ ಡಾಲರ್‌ಗೂ ಹೆಚ್ಚು ಸಂಗ್ರಹವಾಯಿತು. ಪ್ರತಿ ಫಾರಂ, ಪ್ರತಿ ಸಂದಿಯನ್ನೂ ಟಿವಿಯಲ್ಲಿ ತೋರಿಸಿದರು. ಚುನಾವಣಾ ದುಡ್ಡಿನ ವಿಷಯದಲ್ಲಿ ಅವರ ವೀಕ್ಷಕರಿಗೆ ಬೇರೆ ಸುದ್ದಿ ಮೂಲಗಳ ವೀಕ್ಷಕರಿಗಿಂತ ಹೆಚ್ಚು ತಿಳಿದಿತ್ತು ಅಂತ ಆನೆನ್‌ಬರ್ಗ್ ಕೇಂದ್ರದ ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಹಾಸ್ಯಗಾರ ಒಬ್ಬನೇ. ಪಾತ್ರ ಹಾಕಿ ಅಣಕಿಸಿದಾಗ ಜನ ತಮಗೆ ಬೇಕಾದದ್ದನ್ನು ಕೇಳಿಸಿಕೊಂಡರು. ಯಂತ್ರ ಬಿಚ್ಚಿ ತೋರಿಸಿದಾಗ ಕಲಿತರು.

ಬಾಯಿ ಮುಚ್ಚಿಸುವವರು ಯಾರು?

ಕೋರ್ಟಿನ ರಕ್ಷಣೆ ಇದ್ದ ಮಾತ್ರಕ್ಕೆ ವೇದಿಕೆ ಉಳಿಯುತ್ತೆ ಅಂತಿಲ್ಲ. 2025ರ ಜುಲೈನಲ್ಲಿ ಪ್ಯಾರಮೌಂಟ್ ಕಂಪನಿ ಟ್ರಂಪ್ ಹೂಡಿದ್ದ ಕೇಸನ್ನು 1.6 ಕೋಟಿ ಡಾಲರ್ ಕೊಟ್ಟು ಮುಗಿಸಿಕೊಂಡಿತು. ಆಗ ಅದಕ್ಕೆ ಇನ್ನೊಂದು ಕಂಪನಿಯ ಜತೆ ವಿಲೀನವಾಗಲು ಸರ್ಕಾರದ ಅನುಮತಿ ಬೇಕಿತ್ತು. ಅದೇ ಕಂಪನಿಯ ಚಾನೆಲ್‌ನಲ್ಲಿದ್ದ ಕೋಲ್ಬರ್ಟ್ ಇದನ್ನು ಲಂಚ ಅಂತ ನೇರವಾಗಿ ಕರೆದರು. ಮೂರೇ ದಿನಕ್ಕೆ, ಅವರ 'ಲೇಟ್ ಶೋ' 2026ರ ಮೇನಲ್ಲಿ ಮುಗಿಯುತ್ತೆ ಅನ್ನೋ ಪ್ರಕಟಣೆ ಬಂತು. ಕಾರಣ ಹಣಕಾಸು ಮಾತ್ರ ಅಂತ ಚಾನೆಲ್ ಹೇಳಿತು. ಸೆಪ್ಟೆಂಬರ್‌ನಲ್ಲಿ ಎಬಿಸಿ ಚಾನೆಲ್ ಜಿಮ್ಮಿ ಕಿಮ್ಮೆಲ್‌ರ ಕಾರ್ಯಕ್ರಮವನ್ನು ತಡೆಹಿಡಿದು, ಗಲಾಟೆಯಾದ ಮೇಲೆ ಒಂದು ವಾರದೊಳಗೆ ವಾಪಸ್ ತಂದಿತು. ಜೈಲಿಗೆ ಹಾಕಬೇಕಾಗಿಲ್ಲ. ಮಾಲೀಕನಿಗೆ ಸರ್ಕಾರದಿಂದ ಒಂದು ಸಹಿ ಬೇಕಾಗಿದ್ದರೆ ಸಾಕು.

ಹಾಗಾದರೆ ಲೆಕ್ಕ ಏನು?

ಯುವಾಲ್ಡಿಯ ಒಂದು ತಿಂಗಳ ನಂತರ, 2022ರ ಜೂನ್ 25ರಂದು, ಸುಮಾರು ಮೂರು ದಶಕಗಳಲ್ಲೇ ದೊಡ್ಡದೆನ್ನಬಹುದಾದ ಬಂದೂಕು ಸುರಕ್ಷತಾ ಕಾಯ್ದೆಗೆ ಅಧ್ಯಕ್ಷ ಬೈಡನ್ ಸಹಿ ಹಾಕಿದರು. ಅದಕ್ಕೆ ಎರಡೇ ದಿನ ಮೊದಲು ಸುಪ್ರೀಂ ಕೋರ್ಟ್, ಸಾರ್ವಜನಿಕವಾಗಿ ಬಂದೂಕು ಒಯ್ಯುವ ಹಕ್ಕನ್ನು ಇನ್ನಷ್ಟು ಹಿಗ್ಗಿಸಿತ್ತು. ಎರಡೂ ನಡೆದದ್ದು ಮತ, ನೇಮಕಾತಿ, ಲಾಬಿ, ಸತ್ತ ಮಕ್ಕಳ ಪೋಷಕರ ಓಡಾಟ ಇವುಗಳಿಂದ. ಎರಡರಲ್ಲೂ ಯಾವ ಜೋಕಿನ ಕೈವಾಡವೂ ನನಗೆ ಕಾಣಲ್ಲ.

ಹಾಗಂತ ಆ ಶೀರ್ಷಿಕೆ ಸೋತಿದೆ ಅಂತ ನಾನು ಹೇಳಲ್ಲ. "ಏನೂ ಮಾಡೋಕಾಗಲ್ಲ" ಅನ್ನೋ ಮಾತು ಒಂದು ಆಯ್ಕೆ, ವಿಧಿಬರಹ ಅಲ್ಲ ಅಂತ ಅದು ಪ್ರತಿ ಸಲ ನೆನಪಿಸಿದೆ. ಗೇಜ್ ಮಾಡಬೇಕಾದ್ದು ಅಷ್ಟೇ. ಮುಳ್ಳು ಕೆಂಪು ಗೆರೆ ದಾಟಿದ್ದನ್ನು ನೋಡಿಯೂ ಸುಮ್ಮನೆ ಕೂತರೆ ಅದು ಮೀಟರ್‌ನ ತಪ್ಪಲ್ಲ.

ಅದಕ್ಕೇ ಒಂದು ಸಣ್ಣ ಪರೀಕ್ಷೆ ಇಟ್ಟುಕೊಳ್ಳಿ. ಮುಂದಿನ ಸಲ ಯಾವುದಾದರೂ ರಾಜಕೀಯ ಹಾಸ್ಯದ ಕ್ಲಿಪ್ ಶೇರ್ ಮಾಡುವ ಮುಂಚೆ ಕೇಳಿಕೊಳ್ಳಿ: ಇದನ್ನು ನೋಡಿದ ಮೇಲೆ ಯಾವ ಕಾನೂನು, ಯಾರ ದುಡ್ಡು, ಯಾರ ಸಹಿ ಅಂತ ಒಂದಾದರೂ ಹೊಸ ವಿಷಯ ಗೊತ್ತಾಯ್ತಾ? ಗೊತ್ತಾಗಿದ್ದರೆ ಕಳಿಸಿ, ಜತೆಗೆ ಆ ವಿಷಯವನ್ನು ಎರಡು ಸಾಲಲ್ಲಿ ಬರೆದು ಕಳಿಸಿ. ಗೊತ್ತಾಗಿಲ್ಲ ಅಂದ್ರೆ ನಕ್ಕು ಬಿಡಿ, ತಪ್ಪೇನಿಲ್ಲ. ಆದರೆ ಆ ನಗುವನ್ನು ರಾಜಕೀಯ ಕೆಲಸದ ಲೆಕ್ಕಕ್ಕೆ ಬರೆದುಕೊಳ್ಳಬೇಡಿ.