ರಬ್ಬರ್ ತೊಟ್ಟು ಮತ್ತು ತೊಟ್ಟಿಲ ಸಾವು

ಸೊಲೊಮೋನ ಅರಸನ ತೀರ್ಪಿನ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿಯೇ ಕೇಳಿದ್ದೇವೆ. ಒಂದು ಕೂಸು, ಅದು ತನ್ನದೆನ್ನುವ ಇಬ್ಬರು ಹೆಂಗಸರು, ಕೂಸನ್ನು ಎರಡು ಹೋಳು ಮಾಡಲು ತರಿಸಿದ ಕತ್ತಿ. ಆ ವ್ಯಾಜ್ಯಕ್ಕೆ ಮೂಲವಾದ ಇನ್ನೊಂದು ಕೂಸು ಮಾತ್ರ ನಮ್ಮ ನೆನಪಿನಲ್ಲಿ ಉಳಿಯುವುದಿಲ್ಲ. ಅದು ರಾತ್ರಿ ನಿದ್ರೆಯಲ್ಲಿ ಸತ್ತಿತ್ತು. ತಾಯಿ ಮೈಮೇಲೆ ಹೊರಳಿದ್ದರಿಂದ ಸತ್ತಿತೆಂದು ಆಪಾದಿಸಿದವಳು ಎದುರಾಳಿ. ಮನೆಯಲ್ಲಿ ಬೇರೆ ಸಾಕ್ಷಿಯಿರಲಿಲ್ಲವೆಂದು ಅವಳೇ ಹೇಳುತ್ತಾಳೆ. ಬದುಕಿದ ಕೂಸಿನ ತಾಯಿ ಯಾರೆಂಬುದನ್ನು ಅರಸನು ಅಷ್ಟು ಜಾಣತನದಿಂದ ಪರೀಕ್ಷಿಸಿದನು. ಸತ್ತ ಕೂಸು ಹೇಗೆ ಸತ್ತಿತೆಂಬುದನ್ನು ಪರೀಕ್ಷಿಸಲಿಲ್ಲ.

ರಾತ್ರಿ ಹಾಲು ಕುಡಿದು ಮಲಗಿದ, ರೋಗವೇನೂ ಕಾಣದ ಶಿಶುವು ಬೆಳಗಾಗುವಷ್ಟರಲ್ಲಿ ನಿಶ್ಚಲವಾಗಿರುವ ಈ ದುರಂತಕ್ಕೆ ತೊಟ್ಟಿಲ ಸಾವು ಎಂಬರ್ಥದ ಇಂಗ್ಲಿಷ್ ಹೆಸರು ಬಂದದ್ದು 1954ರಲ್ಲಿ, ಕೇಂಬ್ರಿಜ್‌ನ ರೋಗಶಾಸ್ತ್ರಜ್ಞ ಬ್ಯಾರೆಟ್ ಅವರಿಂದ. 1969ರಲ್ಲಿ ಸಿಯಾಟಲ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಬ್ರೂಸ್ ಬೆಕ್‌ವಿತ್ ಅದಕ್ಕೊಂದು ವ್ಯಾಖ್ಯೆ ಕೊಟ್ಟರು: ಶವಪರೀಕ್ಷೆಯ ನಂತರವೂ ಕಾರಣ ತಿಳಿಯದ, ಅನಿರೀಕ್ಷಿತವಾದ ಶಿಶುಮರಣ. ಗಮನಿಸಬೇಕು, ಇದು ರೋಗದ ಹೆಸರಲ್ಲ. ಉಳಿದೆಲ್ಲ ಕಾರಣಗಳನ್ನು ತಳ್ಳಿಹಾಕಿದ ಮೇಲೆ ಉಳಿಯುವ ಶೇಷದ ಹೆಸರು. ಶವಪರೀಕ್ಷೆಯೇ ನಡೆಯದಲ್ಲಿ ಈ ಹೆಸರಿಗೆ ಅವಕಾಶವಿಲ್ಲ. ನಮ್ಮ ದೇಶದಲ್ಲಿ ಇಂತಹ ಮರಣಗಳ ಮಾತು ಅಷ್ಟಾಗಿ ಕೇಳಿಬರದಿರುವುದಕ್ಕೆ ಅದೂ ಒಂದು ಕಾರಣ.

ಊರಿನಿಂದ ದೂರ ಬಂದು ಮಹಾನಗರಗಳ ಫ್ಲ್ಯಾಟುಗಳಲ್ಲಿ ಬಾಣಂತನ ಮಾಡುವ ನಮ್ಮ ಮನೆಗಳಲ್ಲಿ ಇಂದು ಈ ವಿಷಯ ಬೇರೊಂದು ರೂಪದಲ್ಲಿ ಏಳುತ್ತದೆ. ಮಗುವಿಗೆ ಚೀಪಲು ರಬ್ಬರ್ ತೊಟ್ಟು ಕೊಡಬೇಕೇ? ಬ್ರಿಟನ್ನಿನವರು ಡಮ್ಮಿಯೆಂದೂ ಅಮೆರಿಕದವರು ಪ್ಯಾಸಿಫೈಯರ್ ಎಂದೂ ಕರೆಯುವ ಈ ವಸ್ತುವು ತೊಟ್ಟಿಲ ಸಾವಿನ ಸಂಭವವನ್ನು ತಗ್ಗಿಸುತ್ತದೆಂದು ಹೊರದೇಶದಲ್ಲಿರುವ ಮಗಳು ಓದಿರುತ್ತಾಳೆ. ಹಲ್ಲು ಉಬ್ಬುತ್ತದೆ, ಹೊಟ್ಟೆ ಕೆಡುತ್ತದೆ, ಮೊಲೆ ಮರೆಯುತ್ತದೆಂದು ಅಜ್ಜಿ ಹೇಳುತ್ತಾರೆ. ಇಬ್ಬರ ಮಾತಿಗೂ ವೈದ್ಯಶಾಸ್ತ್ರದ ಗ್ರಂಥಗಳಲ್ಲಿಯೇ ಆಧಾರವುಂಟು. ಕಾಲ ಮಾತ್ರ ಬೇರೆ ಬೇರೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೋಗೋಣ. ಸ್ಕಾಟ್ಲೆಂಡಿನ ಡಂಡೀ ನಗರವು ಬಂಗಾಳದ ಸೆಣಬನ್ನು ನೇಯ್ದು ಬದುಕುತ್ತಿದ್ದ ಊರು. ಗಿರಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಅಲ್ಲಿಯ ಪೊಲೀಸ್ ವೈದ್ಯ ಚಾರ್ಲ್ಸ್ ಟೆಂಪಲ್‌ಮನ್ 1892ರಲ್ಲಿ, ಉಸಿರುಕಟ್ಟಿ ಸತ್ತವೆಂದು ತಾನು ತೀರ್ಮಾನಿಸಿದ 258 ಶಿಶುಗಳ ವರದಿಯನ್ನು ಬರೆದನು. ಶನಿವಾರ ರಾತ್ರಿ ಇಂತಹ ಸಾವುಗಳು ಹೆಚ್ಚೆಂಬುದು ಅವನ ಕಣ್ಣಿಗೆ ಬಿತ್ತು. ಶನಿವಾರವೆಂದರೆ ವಾರದ ಕೂಲಿ ಕೈಗೆ ಬರುವ ದಿನ, ಹೆಂಡದ ದಿನ. ತಾಯಂದಿರ ಅಜ್ಞಾನ, ಅಜಾಗರೂಕತೆ, ಕುಡಿತ, ಒಂದೇ ಕೋಣೆಯ ಇಕ್ಕಟ್ಟು, ಇವೇ ಕಾರಣಗಳೆಂದು ಅವನು ಬರೆದನು. 1908ರ ಮಕ್ಕಳ ಕಾಯಿದೆಯಲ್ಲಿ, ಕುಡಿದು ಮಲಗಿದವರ ಮಗ್ಗುಲಲ್ಲಿ ಶಿಶುವು ಉಸಿರುಕಟ್ಟಿ ಸತ್ತರೆ ಅದು ಅಪರಾಧವೆಂದು ಬ್ರಿಟನ್ ಶಾಸನವನ್ನೇ ಮಾಡಿತು. ಟೆಂಪಲ್‌ಮನ್ ಕಂಡದ್ದರಲ್ಲಿ ಸತ್ಯವಿಲ್ಲವೆಂದಲ್ಲ. ಮದ್ಯಪಾನ ಮಾಡಿದವರ ಹಾಸಿಗೆಯಲ್ಲಿ ಶಿಶುವಿಗೆ ಅಪಾಯವುಂಟೆಂದು ಇಂದಿನ ಅಧ್ಯಯನಗಳೂ ಹೇಳುತ್ತವೆ. ಆದರೆ ಕುಡಿಯದ ತಾಯಿಯ ಕೂಸೂ ಸಾಯುತ್ತಿತ್ತು. ಅವಳೂ ಅದೇ ಸಂಶಯದ ನೆರಳಿನಲ್ಲಿ ಉಳಿದ ಆಯುಷ್ಯವನ್ನು ಕಳೆಯಬೇಕಾಗಿತ್ತು.

ತಾಯಿಯ ಮೇಲಿನ ದೂರನ್ನು ಇಳಿಸಬಲ್ಲಂತಹ ಸಿದ್ಧಾಂತವೊಂದು ಅದಕ್ಕಿಂತ ಹೆಚ್ಚಿನ ಅನಾಹುತ ಮಾಡಿತು. ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿಯು ಅತಿಯಾಗಿ ಬೆಳೆದು ಶಿಶುವಿನ ಉಸಿರನ್ನು ಒತ್ತುತ್ತದೆಂದು ವೈದ್ಯರು ನಂಬಿದರು. ದೀರ್ಘಕಾಲ ರೋಗದಿಂದ ನರಳಿ ಸತ್ತವರ ಶರೀರದಲ್ಲಿ ಆ ಗ್ರಂಥಿಯು ಕುಗ್ಗಿರುತ್ತದೆ. ಅದನ್ನೇ ಸಹಜ ಗಾತ್ರವೆಂದು ತಿಳಿದದ್ದರಿಂದ, ಥಟ್ಟನೆ ಸತ್ತ ಆರೋಗ್ಯವಂತ ಕೂಸಿನ ಗ್ರಂಥಿ ದೊಡ್ಡದಾಗಿ ಕಂಡಿತ್ತು, ಅಷ್ಟೆ. 1907ರಿಂದ ಹಲವು ದಶಕಗಳವರೆಗೆ ಅಮೆರಿಕದಲ್ಲಿ ಸಾವಿರಾರು ಶಿಶುಗಳ ಎದೆಗೆ ಎಕ್ಸ್‌ರೇ ಹಾಯಿಸಲಾಯಿತು. ಅವರಲ್ಲಿ ಕೆಲವರಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂದಿತು.

ರಬ್ಬರ್ ತೊಟ್ಟಿನ ಪೂರ್ವಜರಿಗೆ ಇದಕ್ಕಿಂತ ದೀರ್ಘ ಇತಿಹಾಸವಿದೆ. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1506ರಲ್ಲಿ ಬರೆದ ಮೇರಿಯ ಚಿತ್ರವೊಂದರಲ್ಲಿ ಬಾಲಯೇಸುವಿನ ಕೈಯಲ್ಲಿ ಬಟ್ಟೆಯ ಗಂಟಿನ ಚೀಪು ಇದೆ. ಇಂತಹ ಗಂಟುಗಳಲ್ಲಿ ಸಕ್ಕರೆ, ರೊಟ್ಟಿಯ ಚೂರುಗಳನ್ನು ಕಟ್ಟುತ್ತಿದ್ದರು. ಅಳುವ ಕೂಸನ್ನು ಸುಮ್ಮನಿರಿಸಲು ದುಡಿಯುವ ತಾಯಿಗೆ ಇದಕ್ಕಿಂತ ಘೋರವಾದ ಉಪಾಯಗಳೂ ಇದ್ದವು. ಇಂಗ್ಲೆಂಡಿನಲ್ಲಿ ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬ ಅಫೀಮು ಬೆರೆತ ಔಷಧಿ, ನಮ್ಮ ಮುಂಬಯಿಯ ಗಿರಣಗಾಂವ್‌ನಲ್ಲಿ ಬಾಳಗೋಳಿ ಎಂಬ ಅಫೀಮಿನ ಗುಳಿಗೆ. ಪರೇಲ್, ಲಾಲ್‌ಬಾಗ್‌ಗಳ ಚಾಳುಗಳಲ್ಲಿ ಎಷ್ಟು ಕೂಸುಗಳು ಅದನ್ನು ನುಂಗಿ ದಿನವಿಡೀ ಮಲಗಿದ್ದವೋ! ಅದಕ್ಕೆ ಹೋಲಿಸಿದರೆ ರಬ್ಬರ್ ತೊಟ್ಟು ನಿರಪರಾಧಿ.

ಆದರೂ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆರೋಗ್ಯ ಸುಧಾರಕರು ಹರಿಹಾಯ್ದದ್ದು ಈ ತೊಟ್ಟಿನ ಮೇಲೆ. 1907ರಲ್ಲಿ ನ್ಯೂಜಿಲೆಂಡಿನಲ್ಲಿ ಪ್ಲಂಕೆಟ್ ಸೊಸೈಟಿಯನ್ನು ಸ್ಥಾಪಿಸಿದ ಟ್ರೂಬಿ ಕಿಂಗ್ ಅವರಿಗೆ ಅದು ಕೊಳಕಿನ, ಸೋಮಾರಿ ತಾಯ್ತನದ ಗುರುತಾಗಿತ್ತು. ಗಡಿಯಾರ ನೋಡಿ ಹಾಲೂಡಿಸಬೇಕು, ಅತ್ತರೆ ಎತ್ತಿಕೊಳ್ಳಬಾರದು ಎಂಬ ಶಿಸ್ತಿನ ಶಾಲೆ ಅವರದು. ನೆಲಕ್ಕೆ ಬಿದ್ದ ತೊಟ್ಟನ್ನು ಸೆರಗಿನಲ್ಲಿ ಒರೆಸಿ ಮತ್ತೆ ಬಾಯಿಗಿಡುವ ಅಪಾಯ ನಿಜವೇ. ಆದರೆ ಅವರ ಖಂಡನೆಯಲ್ಲಿ ಸೂಕ್ಷ್ಮಜೀವಿಗಳ ಭಯಕ್ಕಿಂತ ಬಡತಾಯಿಯ ಮೇಲಣ ತಿರಸ್ಕಾರವೇ ಮಿಗಿಲಾಗಿ ನಮಗೆ ಕಾಣುತ್ತದೆ.

ಇನ್ನು ಮಲಗಿಸುವ ಭಂಗಿಯ ವಿಷಯ. ಇದನ್ನು ಬಿಟ್ಟು ತೊಟ್ಟಿನ ಕಥೆ ಅರ್ಥವಾಗುವುದಿಲ್ಲ. 1944ರಲ್ಲಿಯೇ ನ್ಯೂಯಾರ್ಕಿನ ಹೆರಾಲ್ಡ್ ಅಬ್ರಾಮ್‌ಸನ್, ನಿದ್ರೆಯಲ್ಲಿ ಸತ್ತ ಕೂಸುಗಳಲ್ಲಿ ಹೆಚ್ಚಿನವು ಬೋರಲಾಗಿ ಮಲಗಿದ್ದವೆಂದು ಬರೆದಿದ್ದರು. ಯಾರೂ ಕಿವಿಗೊಡಲಿಲ್ಲ. ಅಂಗಾತ ಮಲಗಿದ ಮಗು ವಾಂತಿ ಮಾಡಿದರೆ ಉಸಿರುಕಟ್ಟೀತು, ಆದ್ದರಿಂದ ಬೋರಲು ಮಲಗಿಸುವುದು ಲೇಸೆಂದು 1950ರ ದಶಕದ ಕೊನೆಯಿಂದ ಡಾ. ಬೆಂಜಮಿನ್ ಸ್ಪಾಕ್ ತಮ್ಮ ಜಗತ್ಪ್ರಸಿದ್ಧ ಶಿಶುಪಾಲನೆಯ ಪುಸ್ತಕದಲ್ಲಿ ಬೋಧಿಸಿದರು. ಕೇಳಲು ಎಷ್ಟು ಸಮಂಜಸ! ದಿನ ತುಂಬದೆ ಹುಟ್ಟಿದ ಕೂಸುಗಳು ಬೋರಲಾಗಿದ್ದಾಗ ಚೆನ್ನಾಗಿ ಉಸಿರಾಡುವುದನ್ನು ಕಂಡ ಆಸ್ಪತ್ರೆಗಳೂ ಅದನ್ನೇ ಅನುಸರಿಸಿದವು. ದಾದಿಯರನ್ನು ಕಂಡು ತಾಯಂದಿರು ಕಲಿತರು. ಆಗಿನ ಮಾಹಿತಿಯನ್ನೆಲ್ಲ 2005ರಲ್ಲಿ ಒಟ್ಟುಗೂಡಿಸಿ ನೋಡಿದ ಲಂಡನ್ನಿನ ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು, ಬೋರಲು ಮಲಗಿಸುವುದು ಅಪಾಯವೆಂಬುದನ್ನು 1970ರ ಹೊತ್ತಿಗೇ ತಿಳಿಯಬಹುದಾಗಿತ್ತೆಂದು ತೋರಿಸಿದರು. ತಿಳಿದಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯೂರೋಪು, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ಒಟ್ಟಾಗಿ ಕನಿಷ್ಠ 50,000 ಶಿಶುಗಳು ಉಳಿಯಬಹುದಾಗಿತ್ತೆಂಬುದು ಅವರ ಲೆಕ್ಕ.

ಎಚ್ಚರಿಕೆ ಬಂದದ್ದು ಪೂರ್ವದಿಂದ. ಮಕ್ಕಳನ್ನು ಅಂಗಾತ ಮಲಗಿಸುವ ರೂಢಿಯಿದ್ದ ಹಾಂಗ್‌ಕಾಂಗ್‌ನಲ್ಲಿ ತೊಟ್ಟಿಲ ಸಾವು ಅಪರೂಪವೆಂದು 1985ರಲ್ಲಿ ಡೇವಿಸ್ ಎಂಬ ವೈದ್ಯರು ಬರೆದರು. ಬ್ರಿಟನ್ನಿಗೆ ವಲಸೆಹೋದ ನಮ್ಮ ಉಪಖಂಡದ ಕುಟುಂಬಗಳಲ್ಲಿಯೂ ಈ ಸಾವು ಕಡಿಮೆಯೆಂಬುದು ಗಮನಕ್ಕೆ ಬಂದಿತು. 1987ರಿಂದ 1990ರವರೆಗೆ ನ್ಯೂಜಿಲೆಂಡಿನಲ್ಲಿ ಎಡ್ ಮಿಚೆಲ್ ಮತ್ತು ಸಂಗಡಿಗರು ನಡೆಸಿದ ದೊಡ್ಡ ಅಧ್ಯಯನವು ಬೋರಲು ನಿದ್ರೆ, ತಾಯಿಯ ಧೂಮಪಾನ, ಎದೆಹಾಲಿನ ಅಭಾವಗಳನ್ನು ಬೊಟ್ಟುಮಾಡಿತು. ಬ್ರಿಸ್ಟಲ್‌ನ ಪೀಟರ್ ಫ್ಲೆಮಿಂಗ್ ಅವರ ಶೋಧವೂ ಅದನ್ನೇ ಹೇಳಿತು. 1991ರಲ್ಲಿ ತನ್ನ ಎಳೆಯ ಮಗನನ್ನು ಕಳೆದುಕೊಂಡ ದೂರದರ್ಶನ ನಿರೂಪಕಿ ಆ್ಯನ್ ಡೈಮಂಡ್ ಅದನ್ನು ಮನೆಮನೆಗೂ ಮುಟ್ಟಿಸಲು ದುಡಿದರು. ಬ್ರಿಟನ್ನಿನಲ್ಲಿ ತೊಟ್ಟಿಲ ಸಾವುಗಳ ಸಂಖ್ಯೆ ಒಂದೇ ವರ್ಷದಲ್ಲಿ ಸರಿಸುಮಾರು ಅರ್ಧಕ್ಕಿಳಿಯಿತು. ಹೊಸ ಔಷಧಿಯಿಲ್ಲ, ಯಂತ್ರವಿಲ್ಲ. ಕೂಸನ್ನು ಮಗುಚಿ ಮಲಗಿಸಿದ್ದಷ್ಟೆ.

ರಬ್ಬರ್ ತೊಟ್ಟಿನ ಸುದ್ದಿಯೂ ಅದೇ ನ್ಯೂಜಿಲೆಂಡಿನ ಅಧ್ಯಯನದಿಂದ, ಟ್ರೂಬಿ ಕಿಂಗ್ ಅದನ್ನು ಬೈದ ನಾಡಿನಿಂದಲೇ ಬಂದದ್ದು ಇತಿಹಾಸದ ವಿನೋದ. 1993ರಲ್ಲಿ ಮಿಚೆಲ್ ಪ್ರಕಟಿಸಿದಂತೆ, ಕೊನೆಯ ನಿದ್ರೆಯ ಸಮಯದಲ್ಲಿ ತೊಟ್ಟು ಚೀಪುತ್ತಿದ್ದವರು, ಬದುಕಿದ ಮಕ್ಕಳಿಗೆ ಹೋಲಿಸಿದರೆ, ಸತ್ತ ಮಕ್ಕಳಲ್ಲಿ ಅರ್ಧದಷ್ಟು ಮಾತ್ರ ಇದ್ದರು. ಅನಂತರದ ಅಧ್ಯಯನಗಳೂ ಹೆಚ್ಚುಕಡಿಮೆ ಇದನ್ನೇ ಹೇಳಿದವು. ಅವನ್ನು 2005ರಲ್ಲಿ ಕೂಡಿಸಿ ನೋಡಿದ ಫರ್ನ್ ಹಾಕ್ ಮತ್ತು ಸಂಗಡಿಗರು, 2,733 ಶಿಶುಗಳು ಮಲಗುವಾಗ ತೊಟ್ಟು ಚೀಪಿದರೆ ಒಂದು ಸಾವು ತಪ್ಪೀತೆಂದು ಅಂದಾಜು ಮಾಡಿದರು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಮಲಗಿಸುವಾಗ ತೊಟ್ಟು ಕೊಡುವಂತೆ ಸಲಹೆ ನೀಡಿತು.

ಇಲ್ಲಿ ಒಂದು ಪ್ರಶ್ನೆ. ಅಂಗಾತ ಮಲಗಿಸುವ ಸಲಹೆಗೆ ಆಧಾರವಾದದ್ದೂ, ತೊಟ್ಟಿನ ಸಲಹೆಗೆ ಆಧಾರವಾದದ್ದೂ ಒಂದೇ ಬಗೆಯ ಅಧ್ಯಯನ: ಸತ್ತವರನ್ನೂ ಬದುಕಿದವರನ್ನೂ ಹೋಲಿಸುವುದು. ಮೊದಲನೆಯದನ್ನು ನಿಸ್ಸಂಶಯವಾಗಿ ಒಪ್ಪುವ ನಾವು ಎರಡನೆಯದರ ಮುಂದೆ ಏಕೆ ತಡೆಯಬೇಕು? ನಮ್ಮ ಎಣಿಕೆಯಲ್ಲಿ ಉತ್ತರ ಇತಿಹಾಸದಲ್ಲಿಯೇ ಇದೆ. ಭಂಗಿಯ ವಿಷಯದಲ್ಲಿ ಇಡೀ ದೇಶಗಳು ರೂಢಿಯನ್ನು ಬದಲಿಸಿದವು, ಸಾವು ಕಣ್ಣೆದುರಿಗೇ ಇಳಿಯಿತು. ತೊಟ್ಟಿಗೆ ಅಂತಹ ಅಗ್ನಿಪರೀಕ್ಷೆ ಆಗಿಲ್ಲ. ಕೊಕ್ರೇನ್ ಸಂಸ್ಥೆಯ 2017ರ ಪರಾಮರ್ಶೆಗೆ ಈ ವಿಷಯದಲ್ಲಿ ಚೀಟಿಯೆತ್ತಿ ಗುಂಪು ಮಾಡಿದ ಪ್ರಯೋಗ ಒಂದೂ ದೊರೆಯಲಿಲ್ಲ. ಜ್ವರದಿಂದಲೋ ಸಂಕಟದಿಂದಲೋ ಆ ರಾತ್ರಿ ತೊಟ್ಟನ್ನು ಉಗುಳಿದ ಕೂಸೇ ಸಾಯುವ ಕೂಸೂ ಆಗಿದ್ದರೆ, ಕಾಪಾಡುವಂತೆ ಕಾಣುವ ತೊಟ್ಟು ಬರಿಯ ಗುರುತಾಗಿರಬಹುದು. ಮೇಲಾಗಿ, ನಿದ್ರೆ ಹತ್ತಿದ ಸ್ವಲ್ಪ ಹೊತ್ತಿಗೇ ತೊಟ್ಟು ಬಾಯಿಂದ ಜಾರುತ್ತದೆ. ಜಾರಿದ ಮೇಲೂ ಕಾಪಾಡುವುದೆಂತು? ಚೀಪುವ ಕೂಸು ಸುಲಭವಾಗಿ ಎಚ್ಚರಗೊಳ್ಳುತ್ತದೆ, ನಾಲಗೆ ಮುಂದೆ ಬಂದು ಉಸಿರಿನ ದಾರಿ ತೆರೆದಿರುತ್ತದೆ ಎಂದೆಲ್ಲ ವಿವರಣೆಗಳಿವೆ. ವಾಂತಿಯ ಕುರಿತು ಸ್ಪಾಕ್ ಕೊಟ್ಟ ವಿವರಣೆಯೂ ಇಷ್ಟೇ ಸಮಂಜಸವಾಗಿ ಕೇಳಿಸಿತ್ತು.

ಆದರೂ ನಮ್ಮ ಒಲವು ಮಗಳ ಕಡೆಗೇ, ಅಜ್ಜಿಯ ಷರತ್ತುಗಳೊಂದಿಗೆ. ಭಂಗಿಯ ತಪ್ಪು ಸಲಹೆಯಂತೆ ಈ ಸಲಹೆಯು ಪ್ರಾಣಕ್ಕೆರವಾಗುವಂಥದಲ್ಲ. ಮೊಲೆ ಮರೆಯುವ ಭಯವೂ ಈಗ ತುಸು ಸಡಿಲಿದೆ. 1989ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ಎದೆಹಾಲಿಗಾಗಿ ಹತ್ತು ಸೂತ್ರಗಳನ್ನು ರೂಪಿಸಿದಾಗ ರಬ್ಬರ್ ತೊಟ್ಟನ್ನು ಕೊಡಲೇಬಾರದೆಂದಿದ್ದವು. 2018ರ ಪರಿಷ್ಕರಣೆಯಲ್ಲಿ, ಅದರ ಬಳಕೆ ಮತ್ತು ಅಪಾಯಗಳನ್ನು ತಾಯಿಗೆ ತಿಳಿಹೇಳಿರೆಂದಷ್ಟೇ ಇದೆ. ಎದೆಹಾಲು ಕುಡಿಯುವ ಮಗುವಿಗೆ ಹಾಲೂಡಿಕೆ ಚೆನ್ನಾಗಿ ನೆಲೆಗೊಂಡ ಮೇಲೆಯೇ ತೊಟ್ಟು ಕೊಡಬೇಕು, ಅದಕ್ಕೆ ಜೇನು ಸಕ್ಕರೆ ಸವರಬಾರದು, ದಾರ ಕಟ್ಟಿ ಕೊರಳಿಗೆ ಹಾಕಬಾರದು, ಒಲ್ಲೆನೆಂದರೆ ಒತ್ತಾಯಿಸಬಾರದು, ನಿದ್ರೆಯಲ್ಲಿ ಜಾರಿಬಿದ್ದರೆ ಮತ್ತೆ ಬಾಯಿಗಿಡಬೇಕಿಲ್ಲ. ಕೂಸು ಅಂಗಾತ ಮಲಗಿರಬೇಕೆಂಬುದೂ, ಅದು ಮಲಗುವ ಮನೆಯಲ್ಲಿ ಬೀಡಿ ಸಿಗರೇಟಿನ ಹೊಗೆ ಇರಬಾರದೆಂಬುದೂ ಈ ಎಲ್ಲಕ್ಕಿಂತ ಮೊದಲಿನ ಮಾತು.