ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ಕಲಾವಿದರು: ಬದುಕು ಮತ್ತು ಕಲೆ

ಕಲಾವಿದರ ಮಾಸಾಶನ, ಧನಸಹಾಯ ಮುಂತಾದ ಸೌಲಭ್ಯಗಳನ್ನು ಕೋರುವ ಅರ್ಜಿದಾರರು ಕಲಾಸೇವೆಯ ವಿವರ ನೀಡಬೇಕಾದಲ್ಲಿ ಕಲಾಪ್ರಕಾರದ ಹೆಸರನ್ನಷ್ಟೇ ಬರೆದು ಬಿಡುವುದುಂಟು. ಕಲೆಯನ್ನು ಯಾರಿಂದ, ಯಾವ ಪರಿಸ್ಥಿತಿಯಲ್ಲಿ ಕಲಿತರು ಎಂಬುದು ಮನೆಯ ವಿಷಯ, ಸರ್ಕಾರಕ್ಕೆ ಬೇಡದ್ದು ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾಗದ ಹಿರಿಯ ಕಲಾವಿದರಲ್ಲಿ ಹಲವರಿಗೆ ಪ್ರಮಾಣಪತ್ರಕ್ಕಿಂತ ಮೊದಲು ಇದ್ದದ್ದು ಅಂತಹ ವಿವರವೇ ಆಗಿರುತ್ತದೆ. ಸಾರ್ವಜನಿಕರ ಮಾಹಿತಿಗಾಗಿ ಕೆಲವರ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಬಳ್ಳಾರಿ ನಗರ

1953ರ ಅಕ್ಟೋಬರ್ 1ರವರೆಗೆ ಬಳ್ಳಾರಿಯು ಮದ್ರಾಸು ಪ್ರಾಂತದ ಆಡಳಿತಕ್ಕೆ ಒಳಪಟ್ಟಿತ್ತು. ಕನ್ನಡ, ತೆಲುಗು ಎರಡೂ ಮನೆಮಾತಾಗಿದ್ದ ಈ ಊರಿನ ರಂಗಭೂಮಿಯೂ ಎರಡು ನಾಲಿಗೆಯದು. ತಾಡಪತ್ರಿಯಲ್ಲಿ 1880ರಲ್ಲಿ ಜನಿಸಿದ ಬಳ್ಳಾರಿ ರಾಘವ ಅವರು ವೃತ್ತಿಯಿಂದ ವಕೀಲರು. ನಾಟಕಕಾರರಾದ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರ ಗರಡಿಯಲ್ಲಿ ಬೆಳೆದು ತೆಲುಗು, ಕನ್ನಡ ಹಾಗೂ ಇಂಗ್ಲಿಷ್ ನಾಟಕಗಳಲ್ಲಿ ಅಭಿನಯಿಸಿದರು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು ಅವರು ಪ್ರೋತ್ಸಾಹಿಸಿದರು. 1946ರಲ್ಲಿ ನಿಧನರಾದ ಅವರ ಹೆಸರಿನಲ್ಲಿ ನಗರದಲ್ಲಿ ರಾಘವ ಕಲಾಮಂದಿರವಿದೆ. ಅವರ ಪ್ರಭಾವಕ್ಕೆ ಒಳಗಾದವರಲ್ಲಿ ಜೋಳದರಾಶಿ ದೊಡ್ಡನಗೌಡರು (1910–1994) ಪ್ರಮುಖರು. ಹಳ್ಳಿಯಲ್ಲಿಯೇ ಇದ್ದುಕೊಂಡು ಗಮಕ ಮತ್ತು ನಾಟಕ ಎರಡನ್ನೂ ಬೆಳೆಸಿದರು.

ಸ್ತ್ರೀಯರ ವಿಷಯದಲ್ಲಿ ರಾಘವರ ಆಶಯವು ಮುಂದಿನ ತಲೆಮಾರಿನಲ್ಲಿ ಫಲಿಸಿತೆನ್ನಬಹುದು. ವೃತ್ತಿ ರಂಗಭೂಮಿಯ ನಟಿ, ಗಾಯಕಿ ಸುಭದ್ರಮ್ಮ ಮನ್ಸೂರು ಅವರು 2020ರಲ್ಲಿ ನಿಧನರಾಗುವವರೆಗೂ ಬಳ್ಳಾರಿಯ ರಂಗಗೀತೆಗಳ ಧ್ವನಿಯಾಗಿದ್ದರು. ವೃತ್ತಿ ರಂಗಭೂಮಿಯ ಅನುಭವವನ್ನು ತೊಗಲು ಗೊಂಬೆಯಾಟಕ್ಕೆ ತಂದವರು ಬೆಳಗಲ್ಲು ವೀರಣ್ಣನವರು. ರಾಮಾಯಣದ ಗೊಂಬೆಗಳ ಜೊತೆಗೆ ಗಾಂಧೀಜಿಯವರ ಗೊಂಬೆಯೂ ಅವರ ಪರದೆಯ ಮೇಲೆ ನಡೆದಾಡಿತು. 2023ರಲ್ಲಿ ರಸ್ತೆ ಅಪಘಾತದಲ್ಲಿ ಮೃತಪಟ್ಟರು.

ಕುರುಗೋಡು ಭಾಗ

ಕುರುಗೋಡು ಸಮೀಪದ ಕಲ್ಲುಕಂಬದಲ್ಲಿ ಜನಿಸಿದ ಮಂಜಮ್ಮ ಜೋಗತಿಯವರ ಹುಟ್ಟು ಹೆಸರು ಮಂಜುನಾಥ ಶೆಟ್ಟಿ. ಹದಿಹರೆಯದಲ್ಲಿ ತಮ್ಮಲ್ಲಿ ಹೆಣ್ತನವನ್ನು ಕಂಡುಕೊಂಡಾಗ ಮನೆಯವರು ಅವರನ್ನು ಹುಲಿಗೆಮ್ಮನ ಸನ್ನಿಧಿಗೆ ಒಯ್ದು ಮುತ್ತು ಕಟ್ಟಿಸಿದರು. ಆ ನಂತರ ಮನೆಯಲ್ಲಿ ಸ್ಥಾನವಿಲ್ಲದಾಯಿತು. ವಿಷ ಸೇವಿಸಿಯೂ ಬದುಕುಳಿದರು, ಭಿಕ್ಷೆ ಬೇಡಿದರು, ದೌರ್ಜನ್ಯಕ್ಕೂ ಗುರಿಯಾದರು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ತಂದೆಯೊಬ್ಬರು ಹಾಡುತ್ತಿರಲು ಮಗನು ತಲೆಯ ಮೇಲೆ ಕೊಡ ಹೊತ್ತು ಕುಣಿಯುವುದನ್ನು ಕಂಡು ಅವರಿಂದಲೇ ಜೋಗತಿ ನೃತ್ಯ ಕಲಿತರು. ಮುಂದೆ ಕಾಳವ್ವ ಜೋಗತಿಯವರ ಮೇಳ ಸೇರಿ, ಗುರುವಿನ ನಂತರ ಮೇಳವನ್ನು ತಾವೇ ಮುನ್ನಡೆಸಿದರು. ಕೈಗಳ ಆಸರೆಯಿಲ್ಲದೆ ತಲೆಯ ಮೇಲೆ ಕೊಡ ನಿಲ್ಲಿಸುವ ಈ ನೃತ್ಯವು ಪ್ರೇಕ್ಷಕರಿಗೆ ಚಮತ್ಕಾರ. ಎಲ್ಲಿಯೂ ನೆಲೆಯಿಲ್ಲದೆ ಸಮತೋಲನ ಕಾಯ್ದುಕೊಂಡವರಿಗೆ ಅದರ ಅರ್ಥ ಬೇರೆಯೇ ಇದ್ದೀತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ತೃತೀಯ ಲಿಂಗಿ ಇವರೇ. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದು ದೇಶವೇ ಕಂಡ ಸಂಗತಿ. ಅದು ಜೋಗತಿಯರು ಮನೆಮನೆಯಂಗಳದಲ್ಲಿ ಹರಸುವ ಪದ್ಧತಿ.

ನೆರೆಯ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರನ್ನೂ ಇಲ್ಲಿ ಸ್ಮರಿಸುವುದು ಅಗತ್ಯ. ಅಲೆಮಾರಿ ಬುಡ್ಗಜಂಗಮ ಸಮುದಾಯದವರಾದ ಈರಮ್ಮ ಅಕ್ಷರ ಬಲ್ಲವರಲ್ಲ. ಊರೂರು ಅಲೆದು ಬುರ್ರಕಥೆ ಹೇಳಿ ಕಾಳು ಪಡೆಯುವುದೇ ಕುಟುಂಬದ ಜೀವನೋಪಾಯವಾಗಿತ್ತು. ಕುಮಾರರಾಮನ ಕಥೆಯೂ ಸೇರಿದಂತೆ ಹಲವು ರಾತ್ರಿ ಹಾಡುವಷ್ಟು ಕಾವ್ಯಗಳು ಅವರ ನೆನಪಿನಲ್ಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಗೌರವ ನೀಡಿತು. 2014ರಲ್ಲಿ ಅವರು ನಿಧನರಾದರು.

ಸಿರುಗುಪ್ಪ

ತುಂಗಭದ್ರಾ ನದಿಯ ನೀರಿನಿಂದ ಭತ್ತ ಬೆಳೆಯುವ ಸಿರುಗುಪ್ಪ ಸೀಮೆಯಲ್ಲಿ ಬಯಲಾಟದ ಕಾಲವನ್ನು ನಿರ್ಧರಿಸುವುದು ಒಕ್ಕಲುತನ. ಹಗಲು ಗದ್ದೆಯಲ್ಲಿ ದುಡಿಯುವವರೇ ರಾತ್ರಿ ತಾಲೀಮು ನಡೆಸಿ, ಸುಗ್ಗಿಯ ನಂತರ ಅಥವಾ ಜಾತ್ರೆಯ ವೇಳೆ ಬೆಳಗಿನವರೆಗೆ ಆಟ ಆಡುತ್ತಾರೆ. ಮಾತು ಒರಟು, ಹೆಜ್ಜೆ ಭಾರ ಎಂದು ಪಟ್ಟಣದವರು ಆಕ್ಷೇಪಿಸುವುದುಂಟು. ಬಯಲಿನ ಕೊನೆಯಲ್ಲಿ ಕುಳಿತವನಿಗೂ ಕೇಳಿಸಬೇಕಾದ ಕಲೆಗೆ ಅದು ಅನಿವಾರ್ಯ.

ಅರ್ಜಿದಾರರ ಗಮನಕ್ಕೆ

ಸೌಲಭ್ಯ ಬಯಸುವ ಕಲಾವಿದರು ಕಲಿಸಿದ ಗುರುವಿನ ಅಥವಾ ಮನೆಯ ಹಿರಿಯರ ಹೆಸರು, ಆಡಿದ ಊರು ಮತ್ತು ಜಾತ್ರೆಗಳು, ನೆನಪಿರುವ ವರ್ಷಗಳು, ವಹಿಸಿದ ಪಾತ್ರಗಳು ಇವುಗಳನ್ನು ಬರೆದಿಟ್ಟುಕೊಳ್ಳುವುದು ಸೂಕ್ತ. ಓದುಬರಹ ಬಾರದವರು ತಿಳಿದವರಿಂದ ಬರೆಯಿಸಿಕೊಳ್ಳಬಹುದು. ಹಳೆಯ ಕರಪತ್ರ, ಭಾವಚಿತ್ರ, ಆಕಾಶವಾಣಿಯ ಪತ್ರಗಳಿದ್ದಲ್ಲಿ ಮೂಲವನ್ನು ತಮ್ಮಲ್ಲಿಯೇ ಇಟ್ಟುಕೊಂಡು ನಕಲು ತೆಗೆಸಿಕೊಳ್ಳತಕ್ಕದ್ದು. ವಯಸ್ಸು, ಆದಾಯ, ಕಲಾಸೇವೆಯ ಅವಧಿ ಹಾಗೂ ಮೊತ್ತಕ್ಕೆ ಸಂಬಂಧಿಸಿದ ಷರತ್ತುಗಳು ಸರ್ಕಾರದ ಆದೇಶಗಳಂತೆ ಬದಲಾಗುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಬಳ್ಳಾರಿಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು.